ಬೀರುವಿನಲ್ಲಿ ಏಳು ವರ್ಷ ಜೋಪಾನ ಮಾಡಿದ ಸಿಗಾರ್ ಯಾಕೆ ಪುಡಿಯಾಯ್ತು?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಮನೆಯಲ್ಲಿ ಸಿಗಾರ್ ಕಾಪಾಡೋದು ಹೇಗೆ? ಅದನ್ನ ವರ್ಷಗಟ್ಟಲೆ ಇಟ್ಟು ಹಳೆಯದು ಮಾಡ್ತಾರಲ್ಲ, ಆಗ ಒಳಗೆ ನಿಜವಾಗಿ ಏನಾಗುತ್ತೆ?

ಶುರು ಮಾಡೋಕೆ ಮುಂಚೆ ಒಂದು ಮಾತು. ಇದು ಸಿಗಾರ್ ಸೇದಿ ಅಂತ ಹೇಳೋ ಸಂಚಿಕೆ ಅಲ್ಲ. ಕರ್ನಾಟಕದಲ್ಲಿ 2025ರಿಂದ 21 ವರ್ಷ ತುಂಬದವರಿಗೆ ತಂಬಾಕು ಉತ್ಪನ್ನ ಮಾರೋ ಹಾಗಿಲ್ಲ. ಆರೋಗ್ಯದ ವಿಷಯಕ್ಕೆ ಆಮೇಲೆ ಬರ್ತೀನಿ, ಅದನ್ನ ಬಿಟ್ಟು ಹೋಗಲ್ಲ. ಆದ್ರೆ ಗಲ್ಫ್‌ನಿಂದಲೋ ಏರ್‌ಪೋರ್ಟ್ ಅಂಗಡಿಯಿಂದಲೋ ಉಡುಗೊರೆಯಾಗಿ ಬಂದ ಒಂದು ಸಿಗಾರ್ ಡಬ್ಬಿ ನಮ್ಮಲ್ಲಿ ಸಾಕಷ್ಟು ಮನೆಗಳಲ್ಲಿ ಇರುತ್ತೆ. ಸೇದೋರು ಯಾರೂ ಇರಲ್ಲ, ಎಸೆಯೋಕೂ ಮನಸ್ಸು ಬರಲ್ಲ. ನಮ್ಮ ಮನೆಯಲ್ಲೂ ಒಂದಿತ್ತು.

ಅಪ್ಪನ ಡಬ್ಬಿ

ಅಪ್ಪನ ಸ್ನೇಹಿತರೊಬ್ಬರು ಮಸ್ಕತ್‌ನಲ್ಲಿ ಕೆಲಸ ಮಾಡ್ತಿದ್ರು. 2016ರಲ್ಲಿ ರಜೆಗೆ ಬಂದಾಗ 25 ಸಿಗಾರ್‌ಗಳ ಒಂದು ಮರದ ಡಬ್ಬಿ ತಂದುಕೊಟ್ರು. ಅಪ್ಪ ಸೇದೋರಲ್ಲ. "ನೀನು ರಿಟೈರ್ ಆದ ದಿನ ಇಬ್ಬರೂ ಒಂದೊಂದು ಹಚ್ಚೋಣ" ಅಂತ ಮಾತಾಗಿತ್ತು. ಅಮ್ಮ ಆ ಡಬ್ಬಿಯನ್ನ ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಕಬ್ಬಿಣದ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಇಟ್ರು. ಪಕ್ಕದಲ್ಲೇ ನಾಲ್ಕು ನುಸಿ ಗುಳಿಗೆ.

ಸ್ನೇಹಿತರು 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡ್ರು. ಅಪ್ಪ ರಿಟೈರ್ ಆಗಿದ್ದು 2023ರಲ್ಲಿ. ಆ ಸಂಜೆ ಡಬ್ಬಿ ತೆಗೆದ್ವಿ. ಮೇಲಿನ ಸಾಲಿನಲ್ಲಿ ಗುಂಡುಸೂಜಿಯಿಂದ ಚುಚ್ಚಿದ ಹಾಗೆ ಸಣ್ಣ ಸಣ್ಣ ತೂತು. ಕೆಳಗೆ ಕಂದು ಬಣ್ಣದ ಪುಡಿ. ಎತ್ತಿದ್ರೆ ಎಲೆ ಚಕ್ಕೆ ಚಕ್ಕೆಯಾಗಿ ಉದುರ್ತಿತ್ತು. ವಾಸನೆ ಮಾತ್ರ ಪೂರ್ತಿ ನುಸಿ ಗುಳಿಗೆಯದ್ದು.

"ಜೋಪಾನವಾಗೇ ಇಟ್ಟಿದ್ವಲ್ಲ" ಅಂದ್ರು ಅಪ್ಪ. ಆ ಮಾತು ನಿಜವೇ. ಏಳು ವರ್ಷ ಯಾರೂ ಮುಟ್ಟಿರಲಿಲ್ಲ. ಹಾಗಿದ್ರೆ ತಪ್ಪಿದ್ದೆಲ್ಲಿ? ಅದನ್ನ ಹುಡುಕ್ತಾ ಹೋದಾಗ ತಿಳಿದದ್ದನ್ನ ಇವತ್ತು ಹೇಳ್ತೀನಿ.

ಮೊದಲು, ಸಿಗಾರ್ ಅಂದ್ರೆ ಏನು?

ಕೈಯಲ್ಲಿ ಸುತ್ತಿದ ಸಿಗಾರ್‌ನಲ್ಲಿ ಮೂರು ಪದರ ಇರುತ್ತೆ. ಒಳಗೆ ತುಂಬೋ ಎಲೆ, ಅದನ್ನ ಹಿಡಿದಿಡೋ ಎಲೆ, ಮೇಲೆ ಸುತ್ತೋ ತೆಳು ಎಲೆ. ಇಂಗ್ಲಿಷಿನ ಚೆರೂಟ್ ಅನ್ನೋ ಪದ ನಮ್ಮ ದಕ್ಷಿಣದಿಂದಲೇ ಹೋದದ್ದು. ತಮಿಳಿನ ಸುರುಟ್ಟು, ಅಂದ್ರೆ ಸುತ್ತಿದ್ದು. ನಮ್ಮ ಸುರುಳಿ ಪದ ನೆನಪಿಸಿಕೊಳ್ಳಿ. ಅಜ್ಜಂದಿರು ಸೇದ್ತಿದ್ದ ಚುಟ್ಟಾ ಕೂಡ ಇದೇ ಬಳಗ.

ಸಿಗರೇಟಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಸಿಗರೇಟಿನಲ್ಲಿ ಕತ್ತರಿಸಿದ ತಂಬಾಕನ್ನ ಕಾಗದ ಹಿಡಿದಿಟ್ಟಿರುತ್ತೆ. ಸಿಗಾರ್‌ನಲ್ಲಿ ಹೊರಗೆ ಒಳಗೆ ಎಲ್ಲಾ ಎಲೆಯೇ. ಎಲೆ ಸುತ್ತಲಿನ ಗಾಳಿಯಿಂದ ನೀರು ಹೀರುತ್ತೆ, ಗಾಳಿ ಒಣಗಿದ್ರೆ ವಾಪಸ್ ಬಿಡುತ್ತೆ. ಕರಿದ ಹಪ್ಪಳ ಮಳೆಗಾಲದಲ್ಲಿ ಹೊರಗಿಟ್ರೆ ಅರ್ಧ ಗಂಟೆಯಲ್ಲಿ ಮೆತ್ತಗಾಗುತ್ತಲ್ಲ, ಅದೇ ಆಟ. ಹಪ್ಪಳಕ್ಕೆ ಅರ್ಧ ಗಂಟೆ, ಸಿಗಾರ್‌ಗೆ ದಿನಗಳು, ವಾರಗಳು.

ನೀರು ಜಾಸ್ತಿಯಾದ್ರೆ ಒಳಗಿನ ಎಲೆ ಉಬ್ಬಿ, ಮೇಲಿನ ತೆಳು ಎಲೆ ಸೀಳುತ್ತೆ, ಬೂಸ್ಟು ಹಿಡಿಯುತ್ತೆ. ನೀರು ಕಡಿಮೆಯಾದ್ರೆ ಎಲೆ ಗರಿಗರಿಯಾಗಿ ಒಡೆಯುತ್ತೆ, ಪರಿಮಳ ಕೊಡೋ ಎಣ್ಣೆಯಂಥ ಅಂಶಗಳು ಆರಿಹೋಗುತ್ತವೆ. ನೀರನ್ನ ಮತ್ತೆ ತುಂಬಿಸಬಹುದು, ಆರಿಹೋದ ಪರಿಮಳವನ್ನ ತುಂಬಿಸೋಕೆ ಆಗಲ್ಲ.

ಒಂದು ವಿನಾಯಿತಿ ಇದೆ. ಯುರೋಪಿನ, ಅದರಲ್ಲೂ ಡಚ್ ಶೈಲಿಯ ಸಣ್ಣ ಸಿಗಾರ್‌ಗಳನ್ನ ಒಣಗಿದ ಸ್ಥಿತಿಯಲ್ಲೇ ಇರೋ ಹಾಗೆ ತಯಾರಿಸ್ತಾರೆ. ತಗಡಿನ ಡಬ್ಬಿಯಲ್ಲಿ ಬರೋ ಅಂಥವಕ್ಕೆ ಈ ತೇವದ ತಲೆನೋವು ಬೇಡ. ಇವತ್ತಿನ ಮಾತೆಲ್ಲ ಕೈಯಲ್ಲಿ ಸುತ್ತಿದ ಕ್ಯೂಬಾ, ಡೊಮಿನಿಕನ್ ರಿಪಬ್ಲಿಕ್, ನಿಕರಾಗುವಾ ಕಡೆಯ ಸಿಗಾರ್‌ಗಳ ಬಗ್ಗೆ.

70 ಪರ್ಸೆಂಟ್ ಅಂದ್ರೆ ಯಾವುದರ 70 ಪರ್ಸೆಂಟ್?

ಸಿಗಾರ್ ಬಗ್ಗೆ ಎಲ್ಲಿ ಹುಡುಕಿದ್ರೂ ಮೊದಲು ಸಿಗೋದು 70-70 ನಿಯಮ. 70 ಡಿಗ್ರಿ ಫ್ಯಾರನ್‌ಹೀಟ್ ತಾಪಮಾನ, ಅಂದ್ರೆ ಸುಮಾರು 21 ಡಿಗ್ರಿ ಸೆಲ್ಸಿಯಸ್. ಜೊತೆಗೆ 70 ಪರ್ಸೆಂಟ್ ಸಾಪೇಕ್ಷ ಆರ್ದ್ರತೆ. ಈ 'ಸಾಪೇಕ್ಷ' ಪದದಲ್ಲೇ ಎಲ್ಲಾ ಇದೆ.

ಗಾಳಿಯನ್ನ ಒಂದು ಕೊಡ ಅಂದುಕೊಳ್ಳಿ. ವಿಶೇಷ ಏನಂದ್ರೆ, ಬಿಸಿಯಾದಷ್ಟೂ ಈ ಕೊಡ ದೊಡ್ಡದಾಗುತ್ತೆ. 21 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದ್ರೆ ಸುಮಾರು 18 ಗ್ರಾಂ ನೀರಾವಿ ಹಿಡಿಯುತ್ತೆ. 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಈಗ ನಿಮ್ಮ ಹತ್ತಿರ ಸುಮಾರು 13 ಗ್ರಾಂ ನೀರಾವಿ ಇದೆ ಅಂದುಕೊಳ್ಳಿ. 21 ಡಿಗ್ರಿಯಲ್ಲಿ ಅದು 70 ಪರ್ಸೆಂಟ್. ಅದೇ ಗಾಳಿಯನ್ನ 30 ಡಿಗ್ರಿಗೆ ಬಿಸಿ ಮಾಡಿದ್ರೆ 42, 43 ಪರ್ಸೆಂಟ್ ಅಷ್ಟೇ. ನೀರು ಒಂದು ಹನಿಯೂ ಕಡಿಮೆಯಾಗಿಲ್ಲ, ಕೊಡ ದೊಡ್ಡದಾಯ್ತು.

ಹಾಗಾಗಿ ತಾಪಮಾನ ಹೇಳದೆ ಬರೀ ಆರ್ದ್ರತೆ ಹೇಳಿದ್ರೆ ಅದು ಅರ್ಧ ಲೆಕ್ಕ. ನಮ್ಮ ಬೀರುವಿನ ಕಥೆಯೂ ಇದೇ. ಅದು ಪಶ್ಚಿಮದ ಗೋಡೆಗೆ ಒರಗಿತ್ತು. ಮಧ್ಯಾಹ್ನ ಬಿಸಿಲಿಗೆ ಕಾಯೋದು, ರಾತ್ರಿ ತಣಿಯೋದು. ಫೆಬ್ರವರಿ ಮಾರ್ಚ್‌ನಲ್ಲಿ ತುಟಿ ಒಡೆಯೋ ಒಣ ಗಾಳಿ, ಜುಲೈನಲ್ಲಿ ಬಟ್ಟೆ ಒಣಗದ ಥಂಡಿ. ತೆಳು ಪ್ಲಾಸ್ಟಿಕ್ ಕವರ್ ಇದನ್ನ ತಡೆಯಲ್ಲ. ಏಳು ವರ್ಷ ಆ ಎಲೆಗಳು ಉಬ್ಬಿ, ಕುಗ್ಗಿ, ಮತ್ತೆ ಉಬ್ಬಿ, ಮತ್ತೆ ಕುಗ್ಗಿ ಸುಸ್ತಾಗಿದ್ವು.

ಇಲ್ಲಿ ಒಂದು ಮುಖ್ಯ ವಿಷಯ. ಸಿಗಾರ್ ಕಾಪಾಡೋದು ಅಂದ್ರೆ ತೇವ ಜಾಸ್ತಿ ಮಾಡೋದಲ್ಲ, ತೇವವನ್ನ ಅಲುಗಾಡದ ಹಾಗೆ ಇಡೋದು. 65ರಲ್ಲಿ ವರ್ಷಪೂರ್ತಿ ನಿಂತಿದ್ರೆ ಒಳ್ಳೆಯದು. ಬೆಳಿಗ್ಗೆ 75, ಸಂಜೆ 55 ಆದ್ರೆ ಸರಾಸರಿ 65 ಬಂದರೂ ಉಪಯೋಗ ಇಲ್ಲ.

ನಮ್ಮ ಊರುಗಳಿಗೆ 70-70 ನಿಯಮ ಹಾಗೇ ಹೊಂದಲ್ಲ. ಎಸಿ ಇಲ್ಲದ ಮನೆಯಲ್ಲಿ 21 ಡಿಗ್ರಿ ಎಲ್ಲಿಂದ ತರ್ತೀರಿ? ಬೆಂಗಳೂರಿನ ಮನೆಯೊಳಗೇ ಬೇಸಿಗೆಯಲ್ಲಿ 28 ದಾಟುತ್ತೆ, ಕಲಬುರಗಿ ರಾಯಚೂರಿನ ಕಥೆ ಕೇಳೋದೇ ಬೇಡ. ಬಿಸಿ ಮತ್ತು ತೇವ ಎರಡೂ ಸೇರಿದ್ರೆ ಬೂಸ್ಟಿಗೂ ಹುಳಕ್ಕೂ ಹಬ್ಬ. ಅದಕ್ಕೇ ಬೆಚ್ಚಗಿನ ಊರುಗಳಲ್ಲಿ ಇರೋರು 62ರಿಂದ 65ರ ನಡುವೆ ಇಡೋದು ಸುರಕ್ಷಿತ.

ಉಪ್ಪಿನ ಡಬ್ಬಿ ಹೇಳೋ ಸತ್ಯ

ಆರ್ದ್ರತೆ ಅಳೆಯೋಕೆ ಹೈಗ್ರೋಮೀಟರ್ ಬೇಕು. ಆನ್‌ಲೈನ್‌ನಲ್ಲಿ ಸಣ್ಣ ಡಿಜಿಟಲ್ ಮೀಟರ್‌ಗಳು ಕೆಲವೇ ನೂರು ರೂಪಾಯಿಗೆ ಸಿಗುತ್ತವೆ. ಆದ್ರೆ ಅದು ತೋರಿಸೋದು ನಿಜವಾ? ಪರೀಕ್ಷೆ ಮಾಡೋ ಸಾಮಾನು ನಿಮ್ಮ ಅಡುಗೆಮನೆಯಲ್ಲೇ ಇದೆ.

ಒಂದು ಬಾಟಲಿ ಮುಚ್ಚಳಕ್ಕೆ ಪುಡಿ ಉಪ್ಪು ತುಂಬಿ. ಕೆಲವು ಹನಿ ನೀರು ಹಾಕಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗೆ ಆಗಬೇಕು. ಅದನ್ನೂ ಮೀಟರನ್ನೂ ಗಾಳಿ ಹೋಗದ ಜಿಪ್ ಕವರ್‌ನಲ್ಲೋ ಡಬ್ಬಿಯಲ್ಲೋ ಇಟ್ಟು ಒಂದು ದಿನ ಬಿಡಿ. ಮೀಟರ್ 75 ತೋರಿಸಬೇಕು. 79 ತೋರಿಸಿದ್ರೆ ನಿಮ್ಮ ಮೀಟರ್ ನಾಲ್ಕು ಅಂಕ ಜಾಸ್ತಿ ಹೇಳ್ತಿದೆ ಅಂತ. ಆ ನಾಲ್ಕನ್ನ ಕಳೆದು ಓದಿ, ಅಷ್ಟೇ.

75 ಯಾಕೆ? ಒದ್ದೆ ಉಪ್ಪು ಮುಚ್ಚಿದ ಜಾಗದ ಗಾಳಿಯನ್ನ ಸುಮಾರು 75 ಪರ್ಸೆಂಟ್‌ಗೆ ತಂದು ನಿಲ್ಲಿಸುತ್ತೆ. ಗಾಳಿ ಅದಕ್ಕಿಂತ ಒಣಗಿದ್ರೆ ಉಪ್ಪಿನಿಂದ ನೀರು ಆವಿಯಾಗಿ ಗಾಳಿಗೆ ಸೇರುತ್ತೆ, ತೇವ ಜಾಸ್ತಿಯಾದ್ರೆ ಉಪ್ಪು ಹೀರುತ್ತೆ. ಇನ್ನೂ ಮಜಾ ಏನಂದ್ರೆ, ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ತಾನಾಗೇ ಒದ್ದೆಯಾಗೋದೂ ಇದೇ ಕಾರಣಕ್ಕೆ. ಸುತ್ತಲಿನ ಗಾಳಿ ಸರಿಸುಮಾರು 75 ದಾಟಿದೆ ಅಂತ ಅದು ಹೇಳ್ತಿದೆ. ಕಲ್ಲುಪ್ಪಿನಲ್ಲಿ ಬೇರೆ ಲವಣಗಳೂ ಇರೋದ್ರಿಂದ ಅದು ಇನ್ನೂ ಸ್ವಲ್ಪ ಮುಂಚೆಯೇ ನೀರೂರುತ್ತೆ. ಮಂಗಳೂರಿನಲ್ಲೋ ಕಾರವಾರದಲ್ಲೋ ಇರೋರಿಗೆ ಒಂದು ಸುಲಭ ಸೂತ್ರ: ಅಡುಗೆಮನೆ ಉಪ್ಪು ನೀರೂರಿದ್ರೆ, ಹೊರಗಿಟ್ಟ ಸಿಗಾರ್‌ಗೆ ಅಪಾಯ ಬಂತು ಅಂತ ತಿಳ್ಕೊಳ್ಳಿ.

ಮಾರ್ಕೆಟ್‌ನಲ್ಲಿ ಸಿಗೋ ಬೊವೆಡಾದಂಥ ಪ್ಯಾಕ್‌ಗಳು ಕೆಲಸ ಮಾಡೋದೂ ಇದೇ ತತ್ವದ ಮೇಲೆ. ಒಳಗೆ ಲವಣದ ದ್ರಾವಣ, ಹೊರಗೆ ಆವಿ ಮಾತ್ರ ದಾಟೋ ಪೊರೆ. ತೇವ ಕಡಿಮೆಯಾದ್ರೆ ಕೊಡುತ್ತೆ, ಜಾಸ್ತಿಯಾದ್ರೆ ತಗೊಳ್ಳುತ್ತೆ. 62, 65, 69, 72 ಹೀಗೆ ನಂಬರ್ ಹಾಕಿ ಮಾರ್ತಾರೆ. 25 ಸಿಗಾರ್ ಹಿಡಿಯೋ ಜಾಗಕ್ಕೆ 60 ಗ್ರಾಂನ ಒಂದು ಪ್ಯಾಕ್ ಸಾಮಾನ್ಯ ಲೆಕ್ಕ. ಪ್ಯಾಕ್ ಗಟ್ಟಿಯಾಗಿ ಕಲ್ಲಿನ ಹಾಗೆ ಆಯ್ತು ಅಂದ್ರೆ ಬದಲಾಯಿಸಬೇಕು.

ದುಬಾರಿ ಮರದ ಪೆಟ್ಟಿಗೆ ಬೇಕಾ?

ಸಿಗಾರ್ ಇಡೋ ಪೆಟ್ಟಿಗೆಗೆ ಹ್ಯೂಮಿಡಾರ್ ಅಂತಾರೆ. ಒಳ್ಳೆಯದರ ಒಳಮೈಗೆ ಸ್ಪ್ಯಾನಿಷ್ ಸೀಡರ್ ಹಲಗೆ ಇರುತ್ತೆ. ಹೆಸರು ಪೂರ್ತಿ ತಪ್ಪು. ಅದು ಸ್ಪೇನ್‌ನದ್ದಲ್ಲ, ಸೀಡರ್ ಕೂಡ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಬೆಳೆಯೋ, ಮಹಾಗನಿ ಕುಟುಂಬದ ಮರ. ಸಸ್ಯಶಾಸ್ತ್ರದ ಹೆಸರು ಸೆಡ್ರೆಲಾ ಒಡೊರೇಟಾ. ನಮ್ಮ ಟಿಂಬರ್ ವ್ಯಾಪಾರದಲ್ಲಿ ತೂನ್ ಅಂತಾರಲ್ಲ, ಅದು ಇದರ ಹತ್ತಿರದ ಸಂಬಂಧಿ. ಈ ಮರ ತೇವ ಹೀರಿ ಬಿಡುತ್ತೆ, ಬೇಗ ಬೂಸ್ಟು ಹಿಡಿಯಲ್ಲ, ಅದರ ಪರಿಮಳ ತಂಬಾಕಿಗೆ ಒಗ್ಗುತ್ತೆ.

ಹಾಗಂತ ಮೈಸೂರಿನಿಂದ ತಂದ ಗಂಧದ ಪೆಟ್ಟಿಗೆ ಇದೆಯಲ್ಲ, ಅದರಲ್ಲೇ ಇಡೋಣ ಅಂದುಕೊಳ್ಳಬೇಡಿ. ಎಲೆ ವಾಸನೆಯನ್ನ ಬೇಗ ಎಳ್ಕೊಳ್ಳುತ್ತೆ. ಗಂಧ, ಕರ್ಪೂರ, ನುಸಿ ಗುಳಿಗೆ, ಪರ್ಫ್ಯೂಮ್ ಯಾವುದೂ ಹತ್ತಿರ ಇರಬಾರದು. ವೆನಿಲ್ಲಾ, ಕಾಫಿ ಫ್ಲೇವರ್ ಹಾಕಿದ ಸಿಗಾರ್‌ಗಳನ್ನೂ ಬೇರೆ ಡಬ್ಬಿಯಲ್ಲಿ ಇಡಿ.

ಫ್ರಿಜ್ ಹೇಗೆ? ಬೇಡ. ಇವತ್ತಿನ ಫ್ರಾಸ್ಟ್ ಫ್ರೀ ಫ್ರಿಜ್‌ಗಳು ಒಳಗಿನ ಗಾಳಿಯಿಂದ ತೇವ ತೆಗೆಯುತ್ತಲೇ ಇರುತ್ತವೆ. ಕತ್ತರಿಸಿಟ್ಟ ಸೊಪ್ಪು ಒಣಗೋದು ನೋಡಿದ್ದೀರಲ್ಲ. ಜೊತೆಗೆ ಈರುಳ್ಳಿ ವಾಸನೆ ಬೋನಸ್.

ಹೊಸದಾಗಿ ತಂದ ಮರದ ಹ್ಯೂಮಿಡಾರ್‌ನಲ್ಲಿ ನೇರವಾಗಿ ಸಿಗಾರ್ ಇಡಬಾರದು. ಒಣಗಿದ ಮರ ಮೊದಲು ಸಿಗಾರ್‌ನ ನೀರನ್ನೇ ಕುಡಿಯುತ್ತೆ. ಇದಕ್ಕೇ ಅಂತ 84ರ ಪ್ಯಾಕ್ ಸಿಗುತ್ತೆ, ಎರಡು ವಾರ ಖಾಲಿ ಪೆಟ್ಟಿಗೆಯಲ್ಲಿ ಇಟ್ಟು ಮರವನ್ನ ಪಳಗಿಸಬೇಕು. ಒದ್ದೆ ಬಟ್ಟೆಯಿಂದ ಒರೆಸೋ ಹಳೆ ಪದ್ಧತಿಯಲ್ಲಿ ಮರ ಬಾಗಿ, ಮುಚ್ಚಳ ಸರಿಯಾಗಿ ಕೂರದೇ ಹೋಗಬಹುದು.

ನಿಜ ಹೇಳಬೇಕಂದ್ರೆ, ಒಂದು ಡಬ್ಬಿಗೆ ಇಷ್ಟೆಲ್ಲ ಬೇಡ. ಅಡುಗೆಮನೆಯಲ್ಲಿ ಬಳಸೋ, ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಸಾಕು. ಹೊಸದು ತಗೊಳ್ಳಿ, ಉಪ್ಪಿನಕಾಯಿ ಹಾಕಿದ್ದು ಬೇಡ. ತೊಳೆದು ಪೂರ್ತಿ ಒಣಗಿಸಿ. ಒಳಗೆ ಸಿಗಾರ್‌ನ ಮರದ ಡಬ್ಬಿಯನ್ನೇ ಮುಚ್ಚಳ ಸ್ವಲ್ಪ ತೆರೆದು ಇಡಿ, ಒಂದು 65ರ ಪ್ಯಾಕ್, ಒಂದು ಮೀಟರ್. ಮನೆಯ ತಂಪಾದ, ಬಿಸಿಲು ಬೀಳದ ಮೂಲೆಯಲ್ಲಿ ನೆಲದ ಹತ್ತಿರ ಇಡಿ. ಹೊರಗೋಡೆ, ಲಾಫ್ಟ್, ಫ್ರಿಜ್ ಮೇಲ್ಭಾಗ ಬೇಡ. ಸಿಗಾರ್ ಮೇಲಿರೋ ಪಾರದರ್ಶಕ ಕವರ್ ತೆಗೆಯೋ ಅವಶ್ಯಕತೆ ಇಲ್ಲ. ಅದು ಸೆಲೋಫೇನ್, ಮರದ ತಿರುಳಿನಿಂದ ಮಾಡಿದ್ದು, ತೇವ ಅದರ ಮೂಲಕ ದಾಟುತ್ತೆ.

ಡಬ್ಬಿ ತೆರೆದ ತಕ್ಷಣ ಮೀಟರ್ ಹತ್ತು ಅಂಕ ಇಳಿದ್ರೆ ಗಾಬರಿಯಾಗಬೇಡಿ. ಕಾಮರ್ಸ್ ಓದಿದವನಾಗಿ ಇದನ್ನ ಹೀಗೆ ಹೇಳ್ತೀನಿ. ಗಾಳಿಯಲ್ಲಿರೋ ತೇವ ಜೇಬಿನ ಚಿಲ್ಲರೆ, ಎಲೆಯಲ್ಲಿರೋದು ಬ್ಯಾಂಕಿನ ಠೇವಣಿ. ಐದು ಲೀಟರ್ ಡಬ್ಬಿಯ ಗಾಳಿಯಲ್ಲಿ ಇರೋ ನೀರು ಒಂದು ಗ್ರಾಂನ ಹತ್ತನೇ ಒಂದು ಭಾಗವೂ ಇಲ್ಲ. 10 ಗ್ರಾಂ ತೂಗೋ ಒಂದು ಸಿಗಾರ್‌ನಲ್ಲೇ ಒಂದು ಗ್ರಾಂಗಿಂತ ಜಾಸ್ತಿ ನೀರಿರುತ್ತೆ. 25ಕ್ಕೆ ಸೇರಿಸಿ ಸುಮಾರು 30 ಗ್ರಾಂ. ಮುಚ್ಚಳ ಹಾಕಿದ ಮೇಲೆ ಠೇವಣಿಯಿಂದ ಚಿಲ್ಲರೆ ತಾನಾಗೇ ತುಂಬಿಕೊಳ್ಳುತ್ತೆ. ತುಂಬಿದ ಡಬ್ಬಿ ಖಾಲಿ ಡಬ್ಬಿಗಿಂತ ಸ್ಥಿರವಾಗಿರೋದು ಇದಕ್ಕೇ.

ಅರಿಶಿನದ ಡಬ್ಬಿಯಲ್ಲೂ ಇರೋ ಹುಳ

ಈಗ ನಮ್ಮ ತೂತುಗಳ ವಿಷಯ. ಹುಳದ ಹೆಸರು ಲ್ಯಾಸಿಯೊಡರ್ಮಾ ಸೆರಿಕಾರ್ನೆ. ಎರಡು ಮೂರು ಮಿಲಿಮೀಟರ್ ಉದ್ದ, ಕೆಂಗಂದು ಬಣ್ಣ, ಗೂನು ಬೆನ್ನು. ಇಂಗ್ಲಿಷಿನಲ್ಲಿ ಇದಕ್ಕೆ ತಂಬಾಕಿನ ಹುಳ ಅಂತಲೇ ಹೆಸರು. ಆದ್ರೆ ನಿಮ್ಮ ಅಮ್ಮನಿಗೆ ಇದು ಹಳೇ ಪರಿಚಯ ಇರಬಹುದು. ಅರಿಶಿನ ಕೊಂಬು, ಒಣ ಶುಂಠಿ, ಧನಿಯಾ, ಒಣ ಮೆಣಸಿನಕಾಯಿಯಲ್ಲಿ ತೂತು ಕೊರೆದು ಪುಡಿ ಉದುರಿಸೋದೂ ಇದೇ ಹುಳ.

ಮೊಟ್ಟೆ ಎಷ್ಟೋ ಸಲ ಎಲೆಯ ಜೊತೆಗೇ ಬಂದಿರುತ್ತೆ, ಕಣ್ಣಿಗೆ ಕಾಣಲ್ಲ. ತಂಪಾಗಿದ್ರೆ ಸುಮ್ಮನಿರುತ್ತೆ. 24, 25 ಡಿಗ್ರಿ ದಾಟಿ ಬೆಚ್ಚಗಿದ್ರೆ ಮರಿಯಾಗಿ ಒಳಗಿನಿಂದ ತಿನ್ನೋಕೆ ಶುರು ಮಾಡುತ್ತೆ. ಲಂಡನ್‌ನಲ್ಲಿ ಕೂತವರಿಗೆ ಇದು ಅಪರೂಪದ ತೊಂದರೆ. ನಮ್ಮಲ್ಲಿ ವರ್ಷದ ಬಹುಪಾಲು ದಿನ ಅದಕ್ಕೆ ಬೇಕಾದ ಬಿಸಿ ಇದ್ದೇ ಇರುತ್ತೆ. ಹಾಗಾಗಿ ತೇವಕ್ಕಿಂತ ಮೊದಲು ನಾವು ಯೋಚಿಸಬೇಕಾದ್ದು ಹುಳದ ಬಗ್ಗೆ.

ಉಪಾಯ ಫ್ರೀಜರ್. ಕ್ಯೂಬಾದಲ್ಲಿ ರಫ್ತಿಗೆ ಮುಂಚೆ ಇದನ್ನೇ ದೊಡ್ಡ ಪ್ರಮಾಣದಲ್ಲಿ ಮಾಡ್ತಾರೆ. ಮನೆಯಲ್ಲಿ ಮಾಡೋದು ಹೀಗೆ: ಸಿಗಾರ್‌ಗಳನ್ನ ಎರಡು ಜಿಪ್ ಕವರ್‌ನಲ್ಲಿ, ಗಾಳಿ ಆದಷ್ಟು ಹೊರಗೆ ತೆಗೆದು ಮುಚ್ಚಿ. ಒಂದು ದಿನ ಫ್ರಿಜ್‌ನ ಕೆಳಭಾಗದಲ್ಲಿ. ಆಮೇಲೆ ಮೈನಸ್ 18 ಡಿಗ್ರಿಯ ಫ್ರೀಜರ್‌ನಲ್ಲಿ ಒಂದು ವಾರ. ಮತ್ತೆ ಒಂದು ದಿನ ಫ್ರಿಜ್‌ನಲ್ಲಿ. ಆಮೇಲೆ ಹೊರಗೆ. ಕೋಣೆಯ ಬಿಸಿಗೆ ಬರೋ ತನಕ ಕವರ್ ತೆರೆಯಬಾರದು. ತೆರೆದ್ರೆ, ತಣ್ಣಗಿನ ನೀರಿನ ಬಾಟಲಿ ಹೊರಗಿಟ್ಟಾಗ ಬೆವರುತ್ತಲ್ಲ, ಹಾಗೆ ಸಿಗಾರ್ ಮೇಲೆ ನೀರು ಕೂರುತ್ತೆ. ಒಮ್ಮೆಲೇ ಬಿಸಿ, ಒಮ್ಮೆಲೇ ತಣ್ಣಗೆ ಮಾಡಿದ್ರೆ ಮೇಲಿನ ಎಲೆ ಸೀಳಬಹುದು, ಅದಕ್ಕೇ ಈ ಮೆಟ್ಟಿಲುಗಳು. ನೆನಪಿಡಿ, ಫ್ರೀಜರ್ ಒಂದು ಸಲದ ಚಿಕಿತ್ಸೆ, ಅಲ್ಲೇ ಇಡೋ ಜಾಗ ಅಲ್ಲ.

ಹುಳ ಆಮೇಲೆ ಬೂಸ್ಟು. ಸಿಗಾರ್ ಮೇಲೆ ಬಿಳಿ ಪುಡಿ ಕಂಡ್ರೆ 'ಇದು ಪ್ಲೂಮ್, ಎಣ್ಣೆ ಹೊರಗೆ ಬಂದು ಹರಳುಗಟ್ಟಿದ್ದು, ಒಳ್ಳೆ ಲಕ್ಷಣ' ಅಂತ ಹೇಳೋರು ಸಿಗ್ತಾರೆ. ನಂಬಬೇಡಿ, ಬಹುತೇಕ ಸಲ ಅದು ಬೂಸ್ಟೇ. ನೀಲಿ ಹಸಿರು ಬಣ್ಣ ಇದ್ರೆ, ಕತ್ತರಿಸಿದ ತುದಿಯ ಒಳಗೆ ಹೋಗಿದ್ರೆ ಎಸೆದುಬಿಡಿ. ಪಕ್ಕದವನ್ನೂ ಪರೀಕ್ಷಿಸಿ.

ಹಳೆಯದಾದಷ್ಟೂ ಒಳ್ಳೆಯದಾ?

ಎಲೆಯ ಪ್ರಯಾಣ ದೊಡ್ಡದು. ಕ್ಯೂಬಾದ ಪಿನಾರ್ ಡೆಲ್ ರಿಯೊ ಪ್ರಾಂತ್ಯದ ವುಯೆಲ್ತಾ ಅಬಾಹೋ ಅನ್ನೋ ಕಡೆ ಪ್ರಸಿದ್ಧ ತಂಬಾಕು ಬೆಳೆಯುತ್ತೆ. ಕೊಯ್ದ ಎಲೆಯನ್ನ ಕೊಟ್ಟಿಗೆಯಲ್ಲಿ ನೇತುಹಾಕಿ ವಾರಗಟ್ಟಲೆ ಗಾಳಿಗೆ ಒಣಗಿಸ್ತಾರೆ. ಆಮೇಲೆ ರಾಶಿ ಹಾಕಿ ಹುದುಗಿಸ್ತಾರೆ. ಗೊಬ್ಬರದ ಗುಂಡಿ ಒಳಗೆ ಬಿಸಿಯಾಗೋ ಹಾಗೆ ಆ ರಾಶಿಯೂ ಬಿಸಿಯಾಗುತ್ತೆ, ಅಮೋನಿಯಾ ಹೊರಗೆ ಹೋಗುತ್ತೆ. ಸುತ್ತಿದ ಮೇಲೂ ಸ್ವಲ್ಪ ಅಮೋನಿಯಾ ಉಳಿದಿರುತ್ತೆ. ಹೊಸ ಸಿಗಾರ್ ಡಬ್ಬಿ ತೆರೆದಾಗ ಮೂಗಿಗೆ ಚುರುಕ್ ಅನ್ನೋದು ಅದೇ.

ಮನೆಯಲ್ಲಿ ಇಟ್ಟಾಗ ಮೊದಲು ಆಗೋ ಬದಲಾವಣೆ ಇದು: ಕೆಲವು ತಿಂಗಳಲ್ಲಿ ಆ ಚುರುಕು ಹೋಗುತ್ತೆ. ಬೇರೆ ಬೇರೆ ಎಲೆಗಳ ತೇವ ಒಂದೇ ಮಟ್ಟಕ್ಕೆ ಬರುತ್ತೆ. ಆಮೇಲೆ ವರ್ಷಗಳಲ್ಲಿ ಆಮ್ಲಜನಕದ ಜೊತೆ ನಿಧಾನ ಬದಲಾವಣೆ ಆಗಿ ಖಾರ ಕಡಿಮೆಯಾಗುತ್ತೆ. ಇಲ್ಲೇ ಜನ ತಪ್ಪು ಲೆಕ್ಕ ಹಾಕೋದು. ಖಾರ ಹೋಗೋ ದಾರಿಯಲ್ಲೇ ಪರಿಮಳವೂ ಹೋಗ್ತಿರುತ್ತೆ. ಗಿಡದ ಮೇಲ್ಭಾಗದ ದಪ್ಪ, ಖಡಕ್ ಎಲೆ ಜಾಸ್ತಿ ಇರೋ ಸಿಗಾರ್ ಐದು ಹತ್ತು ವರ್ಷ ತಡೆದೀತು. ಮೃದುವಾದದ್ದು ಎರಡು ಮೂರು ವರ್ಷದಲ್ಲೇ ಸಪ್ಪೆ ಆಗಬಹುದು. ಹಳೆ ಅಕ್ಕಿ ಚೆನ್ನ ಅಂತ ಹಳೆ ಅವಲಕ್ಕಿಯೂ ಚೆನ್ನಾಗಿರಲ್ಲ. ಕೆಟ್ಟ ಸಿಗಾರ್ ಹಳೆಯದಾದ್ರೆ ಹಳೆಯ ಕೆಟ್ಟ ಸಿಗಾರ್ ಆಗುತ್ತೆ, ಅಷ್ಟೇ.

ಎಷ್ಟು ಹಳೆಯದು ಅಂತ ತಿಳಿಯೋಕೆ ಕ್ಯೂಬಾದ ಡಬ್ಬಿಯ ತಳ ನೋಡಿ. ಅಲ್ಲಿ ತಿಂಗಳು, ವರ್ಷದ ಮುದ್ರೆ ಇರುತ್ತೆ. ತಿಂಗಳು ಸ್ಪ್ಯಾನಿಷ್ ಹೆಸರಿನ ಮೊದಲ ಮೂರು ಅಕ್ಷರ. ಜನವರಿಗೆ ಎನೆರೊ, ಆಗಸ್ಟ್‌ಗೆ ಅಗೋಸ್ತೊ. ಇನ್ನೊಂದು ಸೂಚನೆ: ಗಾಜಿನ ಮುಚ್ಚಳದ ಕೊಹಿಬಾ ಡಬ್ಬಿ ಪ್ರವಾಸಿಗಳಿಗೆ ಮಾರೋ ನಕಲಿಗಳ ಪ್ರಸಿದ್ಧ ಗುರುತು. ನಕಲಿಗೆ ಹ್ಯೂಮಿಡಾರ್ ಖರ್ಚು ಮಾಡಬೇಡಿ.

ಇತಿಹಾಸದಲ್ಲಿ ಬಹಳ ಹೇಳೋ ಒಂದು ಕಥೆ ಇದೆ. 1962ರ ಫೆಬ್ರವರಿಯಲ್ಲಿ ಅಮೆರಿಕ ಅಧ್ಯಕ್ಷ ಜಾನ್ ಕೆನಡಿ ಕ್ಯೂಬಾ ಜೊತೆಗಿನ ವ್ಯಾಪಾರ ನಿಷೇಧಿಸಿದ್ರು. ಅದಕ್ಕೆ ಮುಂಚೆ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್‌ಗೆ ಸಾವಿರ ಪೆಟಿಟ್ ಅಪ್‌ಮನ್ ಸಿಗಾರ್ ತರೋಕೆ ಹೇಳಿದ್ರಂತೆ. ಮರುದಿನ ಬೆಳಿಗ್ಗೆ 1,200 ಸಿಕ್ಕಿದೆ ಅಂತ ಕೇಳಿದ ಮೇಲೆ ಆದೇಶಕ್ಕೆ ಸಹಿ ಹಾಕಿದ್ರು ಅಂತ ಸಾಲಿಂಜರ್ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎಲ್ಲರೂ ಈ ಕಥೆಯಲ್ಲಿ ಜಾಣತನ ನೋಡ್ತಾರೆ. ನನಗೆ ಕಾಣೋದು ಗೋದಾಮಿನ ಸಮಸ್ಯೆ. ದಿನಕ್ಕೊಂದು ಅಂದ್ರೂ 1,200 ಮುಗಿಯೋಕೆ ಮೂರು ವರ್ಷದ ಮೇಲೆ ಬೇಕು. ಇಡೋ ವ್ಯವಸ್ಥೆ ಇಲ್ಲದಿದ್ರೆ ಸ್ಟಾಕ್ ಇದ್ದು ಏನು ಪ್ರಯೋಜನ?

'ಹೂಡಿಕೆ ಮಾಡಬಹುದಾ' ಅಂತ ಕೇಳೋರಿಗೆ ಚಿಕ್ಕ ಉತ್ತರ. 2022ರಲ್ಲಿ ಕ್ಯೂಬಾದ ಸಿಗಾರ್ ಕಂಪನಿ ಹಬಾನೋಸ್ ತನ್ನ ಕೊಹಿಬಾ, ಟ್ರಿನಿಡಾಡ್ ಬ್ರಾಂಡ್‌ಗಳ ಬೆಲೆಯನ್ನ ಪ್ರಪಂಚದಾದ್ಯಂತ ಹಾಂಗ್‌ಕಾಂಗ್ ಮಟ್ಟಕ್ಕೆ ಏರಿಸಿತು. ಆಗ ಹಳೇ ಡಬ್ಬಿಗಳ ಬೆಲೆಯ ಸುದ್ದಿ ಎಲ್ಲೆಡೆ ಓಡಾಡ್ತು. ಆದ್ರೆ ವಿದೇಶದಿಂದ ತೆರಿಗೆ ಇಲ್ಲದೆ ನೀವು ತರಬಹುದಾದ್ದು 25 ಸಿಗಾರ್. 85 ಪರ್ಸೆಂಟ್ ಜಾಗದಲ್ಲಿ ಚಿತ್ರ ಸಹಿತ ಎಚ್ಚರಿಕೆ ಇಲ್ಲದ ತಂಬಾಕು ಪ್ಯಾಕ್ ಭಾರತದಲ್ಲಿ ಮಾರೋದು ಕಾನೂನುಬಾಹಿರ. ಕೊಳ್ಳೋರಿಲ್ಲದ, ಮಾರೋಕಾಗದ, ಪ್ರತಿ ವರ್ಷ ಖರ್ಚು ಕೇಳೋ ವಸ್ತುವನ್ನ ಆಸ್ತಿ ಅಂತ ಲೆಕ್ಕದಲ್ಲಿ ಬರೆಯೋ ಹಾಗಿಲ್ಲ.

ಆರೋಗ್ಯದ ಮಾತು

ಸಿಗಾರ್ ಹಳೆಯದಾದ್ರೆ ಅಪಾಯ ಕಡಿಮೆ ಆಗಲ್ಲ. ರುಚಿ ಮೆತ್ತಗಾಗಬಹುದು, ಹೊಗೆ ಮೆತ್ತಗಾಗಲ್ಲ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಪೂರ್ತಿ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. 'ಹೊಗೆ ಒಳಗೆ ಎಳೆಯಲ್ಲ' ಅನ್ನೋರಿಗೂ ನಿಕೋಟಿನ್ ಬಾಯಿಯ ಪೊರೆಯಿಂದಲೇ ರಕ್ತಕ್ಕೆ ಸೇರುತ್ತೆ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಪಕ್ಕದಲ್ಲಿ ಕೂತವರಿಗೂ ಹೊಗೆ ಹೋಗುತ್ತೆ. ರೀಲ್ಸ್‌ನಲ್ಲಿ ಸಿಗಾರ್ ಅಂದ್ರೆ ಯಶಸ್ಸು ಅಂತ ತೋರಿಸ್ತಾರಲ್ಲ, ಅದನ್ನ ನೋಡಿ ಶುರು ಮಾಡಬೇಡಿ. ಉಡುಗೊರೆ ಡಬ್ಬಿ ಬಂತು ಅಂತ ಸೇದಲೇಬೇಕು ಅಂತಲೂ ಇಲ್ಲ.

ಹಳೇ ಡಬ್ಬಿ ಸಿಕ್ಕಿದ್ರೆ

ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ರೆ ಇವತ್ತೇ ತೆಗೆದು ನೋಡಿ. ತೂತು ಅಥವಾ ಪುಡಿ ಕಂಡ್ರೆ ಮನೆಯ ಮಸಾಲೆ ಡಬ್ಬಿಗಳಿಂದ ದೂರ ಒಯ್ದು, ಹುಳ ಹಿಡಿದದ್ದನ್ನ ಎಸೆದು, ಉಳಿದದ್ದನ್ನ ಫ್ರೀಜರ್ ಕ್ರಮಕ್ಕೆ ಹಾಕಿ. ಬರೀ ಒಣಗಿದ್ರೆ ಅವಸರ ಮಾಡಬೇಡಿ. ಒಮ್ಮೆಲೇ ತೇವ ಕೊಟ್ರೆ ಒಳಗಿನ ಎಲೆ ಉಬ್ಬಿ ಮೇಲಿನದು ಸೀಳುತ್ತೆ. 62ರ ಪ್ಯಾಕ್ ಜೊತೆ ಒಂದು ತಿಂಗಳು, ಆಮೇಲೆ ಬೇಕಿದ್ರೆ 65. ಡಬ್ಬಿಯ ಮೇಲೆ ಬಂದ ವರ್ಷ, ಕೊಟ್ಟವರ ಹೆಸರು ಬರೆದಿಡಿ. ಫೋನ್‌ನಲ್ಲಿ ತಿಂಗಳಿಗೊಮ್ಮೆ ರಿಮೈಂಡರ್ ಹಾಕಿ, ಮೀಟರ್ ನೋಡಿ. ಎರಡು ನಿಮಿಷದ ಕೆಲಸ.

ನಾವು ಮಾಡದೇ ಬಿಟ್ಟದ್ದು ಆ ಎರಡು ನಿಮಿಷದ ಕೆಲಸವನ್ನೇ. ಬೀಗ ಹಾಕಿದ್ವಿ, ಸೀರೆ ಕೆಳಗೆ ಮುಚ್ಚಿದ್ವಿ, ಏಳು ವರ್ಷ ಒಂದು ಸಲವೂ ತೆರೆದು ನೋಡಲಿಲ್ಲ. ಹುಳ ಬೆಳೆಯೋಕೆ, ಎಲೆ ಒಣಗೋಕೆ ಅಷ್ಟು ಸಾಕಿತ್ತು.

ಆ ಸಂಜೆ ಅಪ್ಪ ಸಿಗಾರ್‌ಗಳನ್ನೆಲ್ಲ ತೋಟದ ಮೂಲೆಯಲ್ಲಿ ಮಣ್ಣಿಗೆ ಹಾಕಿದ್ರು. ಡಬ್ಬಿ ಎಸೆಯಲಿಲ್ಲ. ಬಿಸಿಲಲ್ಲಿ ಒಂದು ವಾರ ಇಟ್ರು, ನುಸಿ ಗುಳಿಗೆ ವಾಸನೆ ಪೂರ್ತಿ ಹೋಗಿಲ್ಲ. ಈಗ ಅದರಲ್ಲಿ ಅವರ ಕನ್ನಡಕ, ಪೆನ್ಷನ್ ಪುಸ್ತಕ, ಮಸ್ಕತ್‌ನಿಂದ ಬಂದ ನಾಲ್ಕು ಹಳೇ ಪತ್ರ ಇವೆ. ದಿನಾ ತೆರೀತಾರೆ.

ಇವತ್ತಿಗೆ ಇಷ್ಟು. ಉಪ್ಪಿನ ಪರೀಕ್ಷೆ ಮಾಡಿದ್ರೆ ನಿಮ್ಮ ಮೀಟರ್ ಎಷ್ಟು ತೋರಿಸ್ತು, ಯಾವ ಊರು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.